ಬಾಕಿ ಉಳಿದ ಮೆರವಣಿಗೆ

ಲಿಂಗಸುಗೂರಿನ ಕಚೇರಿಯಲ್ಲಿ ನನ್ನ ಕೆಲಸ ಮೆರವಣಿಗೆಗಳಿಗೆ ಅಪ್ಪಣೆ ಬರೆಯುವುದು. ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಯಾತಕ್ಕೆ ಎಂದು ಕೇಳಿ ಬರೆದು, ಮೇಲಿನವರ ಸಹಿ ಹಾಕಿಸಿ ಕೊಡುತ್ತಿದ್ದೆ. ನನ್ನ ಊರು ಸಿಂಧನೂರು. ಶಾಲೆಯಲ್ಲಿ ಓದಿದ್ದು ಉರ್ದು, ಮನೆಯಲ್ಲಿ ಅಪ್ಪ ಹೊಡೆದು ಕಲಿಸಿದ್ದು ಕನ್ನಡ. ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂದಾಗ ಎರಡೂ ಬರೆಯಬಲ್ಲವರನ್ನು ಹುಡುಕಿದರು. ನಾನು ಸಿಕ್ಕಿಬಿದ್ದೆ.

ನನಗೆ ಮೆರವಣಿಗೆ ಎಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬಿಸಿಲಲ್ಲಿ ನಡೆಯುವುದು, ಗಂಟಲು ಕಟ್ಟುವ ತನಕ ಕೂಗುವುದು, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು. ಇಷ್ಟಕ್ಕಾಗಿ ಜನ ಕಚೇರಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕಾಯುತ್ತಿದ್ದರು. ಕಾರಣವೂ ಇತ್ತೆನ್ನಿ. ಹಳೆಯ ಆಳ್ವಿಕೆಯ ಕಡೆಯ ದಿನಗಳಲ್ಲಿ ನಾಲ್ಕು ಮಂದಿ ಒಂದೆಡೆ ನಿಂತು ಎಲೆ ಅಡಿಕೆ ಹಾಕಿಕೊಂಡರೂ ಪೊಲೀಸರು ಬಂದು ವಿಚಾರಿಸುತ್ತಿದ್ದರು. ಆ ಬಿಗಿ ಸಡಿಲಾದ ಮೇಲೆ ಯಾವುದಕ್ಕೆ ಅಪ್ಪಣೆ ಬೇಕು, ಯಾವುದಕ್ಕೆ ಬೇಡ ಎಂಬುದು ಯಾರಿಗೂ ತಿಳಿಯಲಿಲ್ಲ. ನಮಗೂ ತಿಳಿದಿರಲಿಲ್ಲ. ಹಾಗಾಗಿ ಜನ ಎಲ್ಲದಕ್ಕೂ ಕೇಳಿದರು, ನಾವು ಎಲ್ಲದಕ್ಕೂ ಕೊಟ್ಟೆವು. ಕಾಲುವೆ ನೀರು ತಮ್ಮ ಹೊಲಗಳ ಕಡೆಗೂ ತಿರುಗಬೇಕೆಂದು ಗೊರೇಬಾಳದವರು ಮೆರವಣಿಗೆ ಮಾಡಿದರು. ತುರ್ವಿಹಾಳದ ಗೌಡರೊಬ್ಬರು ಹೊಸ ಜೋಡಿ ಎತ್ತುಗಳನ್ನು ಡೊಳ್ಳು ಬಾರಿಸಿಕೊಂಡು ಮನೆಗೆ ಒಯ್ಯಲು ಅಪ್ಪಣೆ ಕೇಳಿದರು. ಸರ್ಕಾರದ ವಿರುದ್ಧ ಘೋಷಣೆ ಕೂಗಕೂಡದು ಎಂಬ ಷರತ್ತಿನ ಮೇಲೆ ಎತ್ತುಗಳಿಗೆ ಅಪ್ಪಣೆ ಕೊಟ್ಟೆವು. ಅವು ಷರತ್ತು ಪಾಲಿಸಿದವು.

ನನ್ನ ಮೇಲೆ ಇದ್ದವರು ಪೇಶ್ಕಾರರು, ಅಂದರೆ ಕಚೇರಿಯ ಹಿರಿಯ ಗುಮಾಸ್ತರು. ಅವರಿಗೆ ಲೋಕದಲ್ಲಿ ಹೆದರಿಕೆ ಎಂಬುದಿದ್ದರೆ ಬಾಕಿ ಉಳಿದ ಅರ್ಜಿಯದು. ಒಮ್ಮೆ ಕಪಾಟಿನ ಕೆಳಗಿನಿಂದ ಹಾವು ಬಂದಾಗ ಕೂತಲ್ಲೇ ಕಾಲು ಮೇಲೆತ್ತಿಕೊಂಡು ಸಹಿ ಮುಂದುವರಿಸಿದ್ದರು. ಆದರೆ ಯಾರಾದರೂ ಅರ್ಜಿ ಬಾಕಿ ಇದೆ ಎಂದರೆ ಎದ್ದು ನಿಲ್ಲುತ್ತಿದ್ದರು.

ಬಂದೋಬಸ್ತಿನ ಹೊಣೆ ಠಾಣೆಯ ಅಮೀನರದು. ಈಗಿನವರು ಸಬ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಅವರಿಗೆ ನಕ್ಷೆ ಬರೆಯಲು ಬಾರದು. ಆಲೋಚನೆಗೆ ಕೂತರೆ ನನ್ನ ಮೇಜಿನ ಕಾಗದಗಳನ್ನು ಸರಿಸಿ ಎಲೆ ಸಂಚಿ ಬಿಚ್ಚುತ್ತಿದ್ದರು. ಉದ್ದಕ್ಕೆ ಹಾಸಿದ ವೀಳ್ಯದೆಲೆ ಬಜಾರದ ರಸ್ತೆ. ಅಡಿಕೆ ಹೋಳುಗಳು ಠಾಣೆಯ ಪೊಲೀಸ್ ಜವಾನರು. ಸುಣ್ಣದ ಡಬ್ಬಿ ಠಾಣೆ. ಲವಂಗ ಅವರು ಸ್ವತಃ. ಕಲ್ಲು ಯಾವ ಮಾಳಿಗೆಯಿಂದ ಬೀಳಬಹುದು, ಬಡಿಗೆ ಯಾವ ಸಂದಿಯಿಂದ ಬರಬಹುದು ಎಂದು ಅಡಿಕೆಗಳನ್ನು ಸರಿಸಿ ಸರಿಸಿ ನೋಡುತ್ತಿದ್ದರು. ಎಲ್ಲ ಸರಿಯಾಯಿತು ಎನಿಸಿದಾಗ ಎಲೆಗೆ ಸುಣ್ಣ ಸವರಿ, ಜವಾನರನ್ನೂ ತಮ್ಮನ್ನೂ ಒಳಗಿಟ್ಟು ಮಡಿಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹೀಗಾಗಿ ಆ ಕಾಲದ ಬಂದೋಬಸ್ತಿನ ಒಂದು ನಕ್ಷೆಯೂ ನಮ್ಮ ಕಚೇರಿಯಲ್ಲಿ ಉಳಿದಿಲ್ಲ.

ಮಸ್ಕಿಯ ಬಜಾರದ ರಸ್ತೆಯನ್ನು ಅಗಲ ಮಾಡುತ್ತಾರೆ, ಅಂಗಡಿಗಳ ಮುಂದಿನ ಕಟ್ಟೆಗಳನ್ನೆಲ್ಲ ಒಡೆಯುತ್ತಾರೆ ಎಂದು ಸುದ್ದಿ ಹಬ್ಬಿದ ಬೇಸಿಗೆ ಅದು. ಒಂದು ಬೆಳಿಗ್ಗೆ ಮಸ್ಕಿಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಹಣೆಗೆ ವಿಭೂತಿ, ತಲೆ ತುಂಬ ಸೆರಗು. ಕೈಯಲ್ಲಿ ಕಾಗದವಿರಲಿಲ್ಲ. ಅದೇ ನನಗೆ ಸೋಜಿಗ. ನನ್ನ ಮೇಜಿಗೆ ಬರುವವರು ಕಾಗದ ಮೊದಲು ಚಾಚಿ ಆಮೇಲೆ ಬಾಯಿ ಬಿಡುತ್ತಿದ್ದರು.

"ತಮ್ಮಾ, ನಂದೊಂದು ಅರ್ಜಿ ಐತಿ. ಏನಾತು ಅಂತ ಕೇಳಾಕ ಬಂದೀನಿ," ಎಂದರು.

"ಯಾವಾಗ ಕೊಟ್ಟಿದ್ರಿ, ಅವ್ವಾರ?"

"ಸರ್ಕಾರ ಬದಲಾತಲ್ಲ, ಆ ವರ್ಷ. ಬದಲಾಗೂಕಿಂತ ಮದಲ, ಮಳಿಗಾಲದಾಗ."

ನಾನು ಲೇಖನಿ ಕೆಳಗಿಟ್ಟೆ. "ಅದು ಆ ಸರ್ಕಾರಕ್ಕ ಕೊಟ್ಟಿದ್ದಲ್ರೀ. ಆ ಸರ್ಕಾರ ಈಗ ಇಲ್ಲ."

"ಸರ್ಕಾರ ನಂಗೊತ್ತಿಲ್ಲಪಾ. ನಮ್ಮಣ್ಣ ಬಂದು ಕೊಟ್ಟಿದ್ದು ಇದ ಕಚೇರ್ಯಾಗ. ನಾನೂ ಸಂಗಾಟ ಬಂದಿದ್ದೆ. ಮೇಜೂ ಇದ ಐತಿ. ನೀ ಅಷ್ಟ ಹೊಸಬ."

ಮೇಜು ಅದೇ ಎಂಬುದು ನಿಜ. ಅದರ ಗಿಡ್ಡ ಕಾಲಿನ ಕೆಳಗಿನ ಇಟ್ಟಿಗೆ ಚೂರು ಕೂಡ ಹಳೆಯ ಆಳ್ವಿಕೆಯದೇ. ನಾನು ಅವರಿಗೆ ಕೂಡಲು ಹೇಳಿದೆ.

ಅವರ ಗಂಡ ಮಸ್ಕಿಯ ಬಜಾರದಲ್ಲಿ ಎತ್ತಿನ ಸಾಮಾನಿನ ಅಂಗಡಿ ಇಟ್ಟಿದ್ದರು. ಹಗ್ಗ, ಮೂಗುದಾರ, ಗೆಜ್ಜೆ ಸರ, ಕೊರಳ ಗಂಟೆ. ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತ ಹೋಗಿಬರುವವರನ್ನೆಲ್ಲ ಮಾತಾಡಿಸುವ ಮನುಷ್ಯ. ಯಾವ ಗದ್ದಲಕ್ಕೂ ಹೋದವರಲ್ಲ. ಊರೂರಿಗೆ ಗದ್ದಲವಿದ್ದ ಆ ಮಳೆಗಾಲದಲ್ಲಿ ಬರೀ ಜ್ವರ ಬಂದು ತೀರಿಕೊಂಡರು.

ನಮ್ಮ ಕಡೆಯ ಶೈವ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತಾರೆ. ಬಿದಿರು ಕಟ್ಟಿ, ಹೂವು ಏರಿಸಿ, ನಡುವೆ ಅವರನ್ನು ರುಮಾಲು ಸುತ್ತಿ ಕೂಡಿಸುತ್ತಾರೆ. ಅದಕ್ಕೆ ವಿಮಾನ ಎನ್ನುತ್ತಾರೆ. ಅದು ಭಜನೆ ಬಾಜಾಗಳೊಂದಿಗೆ ಊರ ನಡುವಿನ ದಾರಿಯಲ್ಲೇ ಹೋಗಬೇಕು. ವ್ಯಾಪಾರಸ್ಥರಾಗಿದ್ದರೆ ಅವರ ಅಂಗಡಿಯ ಮುಂದೆ ಒಂದು ಗಳಿಗೆ ಇಳಿಸಬೇಕು. ಎದುರು ಬಂದವರು ಕಾಲಲ್ಲಿದ್ದದ್ದನ್ನು ಕಳಚಿ, ಬದಿಗೆ ಸರಿದು ದಾರಿ ಬಿಟ್ಟು, ತಮ್ಮ ಕೆಲಸ ಏನೇ ಇರಲಿ ಹಿಂದೆ ತಿರುಗಿ ನಾಲ್ಕು ಹೆಜ್ಜೆ ಜೊತೆಗೆ ಹಾಕಬೇಕು. ಹಾಕದವನ ಮನೆಯ ಸಾವಿಗೆ ಯಾರೂ ಬರುವುದಿಲ್ಲ ಎಂದು ನಂಬಿಕೆ.

ಆ ಮಳೆಗಾಲದಲ್ಲಿ ಗುಂಪು ಕೂಡುವಂತಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಚಕ್ಕಡಿ ಕಟ್ಟಿಸಿಕೊಂಡು ಲಿಂಗಸುಗೂರಿಗೆ ಬಂದು ಅರ್ಜಿ ಕೊಟ್ಟರು. ಸಂಜೆಯ ತನಕ ಕಾದರು. ಸತ್ತವರು ಕಾಯುವುದಿಲ್ಲವಲ್ಲ. ಹೊಳ್ಳಿ ಹೋಗಿ, ಹಿತ್ತಲ ಸಂದಿಯಿಂದ ಹಳ್ಳದ ದಂಡೆ ಹಿಡಿದು, ಹೊರುವವರಷ್ಟೇ ಹೊತ್ತು ಮಣ್ಣು ಮಾಡಿ ಬಂದರು.

"ಹೂಂ ಅಂತನೂ ಬರಲಿಲ್ಲ, ಒಲ್ಲೆ ಅಂತನೂ ಬರಲಿಲ್ಲ," ಎಂದರು ಆಕೆ. "ಅಳಾಕ ಬಾಯಿ ತಗದ್ರ ನಮ್ಮಣ್ಣ ಕೈ ಅಡ್ಡ ಇಟ್ಟ. ಸಪ್ಪಳ ಕೇಳಿ ಮಂದಿ ಕೂಡ್ತೈತಿ, ಮಂದಿ ಕೂಡಿದ್ರ ಪೊಲೀಸ್ರು ಬರ್ತಾರ ಅಂದ. ಖರೇನ ಅಂದ ಅವ. ಈಗ ಆ ಕಟ್ಟಿ ಒಡೀತಾರಂತ. ಒಡಿಯೂದ್ರೊಳಗ ಅವ್ರನ್ನ ಅಲ್ಲಿ ಒಮ್ಮೆ ತಂದು ಕೂಡಸ್ಬೇಕು. ನಂದು ಬಾಕಿ ಅರ್ಜಿ ಐತಿ."

ಆ ಒಂದು ಮಾತಿಗೆ ಒಳಗಿದ್ದ ಪೇಶ್ಕಾರರು ಎದ್ದು ನಿಂತದ್ದು ಕುರ್ಚಿಯ ಸಪ್ಪಳದಿಂದಲೇ ತಿಳಿಯಿತು.

ಅವರು ಹೊರಗೆ ಬಂದು ಎಲ್ಲವನ್ನೂ ಮೊದಲಿನಿಂದ ಕೇಳಿಸಿಕೊಂಡರು. ಕನ್ನಡಕ ಒರೆಸಿಕೊಂಡರು. ಆಮೇಲೆ ಕಾಯಿದೆ ಬಿಡಿಸಿ ಹೇಳಿದರು. "ನೋಡ್ರೀ ತಾಯಿ, ಹೆಣ ಇದ್ರ ಅದು ಅಂತ್ಯಕ್ರಿಯಾ. ಈಗಿನ ಸರ್ಕಾರದಾಗ ಅದಕ್ಕ ಅಪ್ಪಣಿ ಬೇಕಾಗಿಲ್ಲ. ಹೆಣ ಇಲ್ಲಂದ್ರ ಅದು ಜುಲೂಸು, ಮೆರವಣಿಗಿ. ಜುಲೂಸು ಅಂದಮ್ಯಾಲ ಏನರೆ ಒಂದು ಬೇಡಿಕಿ ಇರಬೇಕು. ಯಾರಿಗಾದ್ರೂ ಜಿಂದಾಬಾದ್ ಅನ್ನಬೇಕು, ಇಲ್ಲಾ ಮುರ್ದಾಬಾದ್ ಅನ್ನಬೇಕು."

"ನಾ ಏನೂ ಅನ್ನೂದಿಲ್ರೀ, ಸಾಹೇಬ್ರ. ಸುಮ್ಮ ಹೋಗ್ತೀನಿ."

"ಸುಮ್ಮ ಹೋಗೂದಕ್ಕ ಕಾಯಿದ್ಯಾಗ ಜಾಗ ಇಲ್ಲ."

ಆಕೆ ವಾದಿಸಲಿಲ್ಲ, ಎದ್ದೂ ಹೋಗಲಿಲ್ಲ. ಅಲ್ಲೇ ಕೂತರು. ಮಧ್ಯಾಹ್ನದ ಊಟದ ಹೊತ್ತಾಯಿತು, ಕೂತಿದ್ದರು. ಪೇಶ್ಕಾರರು ಒಳಗೆ ಹೋಗಿ ಹೊರಗೆ ಬಂದು ಮಾಡಿದರು. ಬಾಕಿ ಅರ್ಜಿಯೇ ಬೆಂಚಿನ ಮೇಲೆ ಬಂದು ಕೂತ ಹಾಗಾಗಿ ಅವರಿಗೆ ರೊಟ್ಟಿ ಇಳಿಯಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು, "ಕೊಟ್ಟುಬಿಡು ಮಾರಾಯ. ಷರತ್ತು ಮಾತ್ರ ಭದ್ರ ಇರಲಿ," ಎಂದರು.

ಷರತ್ತುಗಳನ್ನು ಅವರೇ ಹೇಳಿದರು, ನಾನು ಬರೆದೆ. ಹತ್ತು ಜನರಿಗಿಂತ ಹೆಚ್ಚು ಕೂಡಕೂಡದು. ವಾದ್ಯ ಬಾರಿಸಕೂಡದು. ಕೂಗಾಟ ಕೂಡದು. ಅಂಗಡಿಯ ಮುಂದೆ ಇಳಿಸಿ ಕೂಡಲೇ ಎತ್ತತಕ್ಕದ್ದು. ವಿಮಾನದಲ್ಲಿ ಕೂಡುವುದು ಯಾರು ಎಂದು ಕೇಳಿದೆ. ರುಮಾಲು ಮತ್ತು ಶಾಲು ಎಂದರು ಆಕೆ. ಅವೆರಡನ್ನು ಹತ್ತು ಜನರ ಲೆಕ್ಕಕ್ಕೆ ಹಿಡಿಯಬೇಕೇ ಎಂದು ಪೇಶ್ಕಾರರು ಸ್ವಲ್ಪ ಹೊತ್ತು ಯೋಚಿಸಿದರು. ಬಿಟ್ಟರು.

"ಹಲಗಿ ಬಾರಿಸೂದು ಬ್ಯಾಡಂದ್ರ ಬ್ಯಾಡ್ರೀ," ಎಂದರು ಆಕೆ. "ಅಂಗಡ್ಯಾಗ ಅವ್ರು ಪೋಣಿಸಿಟ್ಟ ಗೆಜ್ಜಿ ಸರ ಅದಾವು. ವಿಮಾನಕ್ಕ ಕಟ್ಟಬಹುದಾ?"

ಗೆಜ್ಜೆ ಎತ್ತಿನ ಸಾಮಾನು, ವಾದ್ಯವಲ್ಲ ಎಂದು ತೀರ್ಮಾನವಾಯಿತು. ಯಾತಕ್ಕೆ ಎಂಬ ಜಾಗ ಖಾಲಿ ಉಳಿದಿತ್ತು. ಅಲ್ಲಿ ನಾನೇ 'ದಾರಿ ಹಾಯಲಿಕ್ಕೆ' ಎಂದು ಬರೆದೆ. ಅದಕ್ಕಿಂತ ಒಳ್ಳೆಯದು ಆಗ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಇನ್ನು ಬಂದೋಬಸ್ತು. ಅಮೀನರು ಬಂದು ಎಲೆ ಹಾಸಿದರು. ಅವರ ತೊಂದರೆ ಅಡಿಕೆಯದು. ಮಸ್ಕಿಗೆ ಕಳಿಸಲು ಜವಾನರು ಸಾಲದು. ಅದೇ ವಾರ ಲಿಂಗಸುಗೂರಿನ ವಕೀಲರೊಬ್ಬರು ಕನ್ನಡ ನಾಡೆಲ್ಲ ಒಂದಾಗಬೇಕೆಂದು ಮಸ್ಕಿಯಲ್ಲಿ ದೊಡ್ಡ ಮೆರವಣಿಗೆ ಇಟ್ಟಿದ್ದರು. ಅದಕ್ಕೆ ಬಾಜಾದವರು, ಬಾವುಟ, ಸುತ್ತಲಿನ ಹಳ್ಳಿಗಳ ಜನ, ಎಲ್ಲದಕ್ಕೂ ಅಪ್ಪಣೆಯಾಗಿತ್ತು. ಅಮೀನರು ಎಲೆಯನ್ನೇ ನೋಡುತ್ತ ಕೂತು, ಆಮೇಲೆ ಲವಂಗವನ್ನು ತಟ್ಟಿ ನನ್ನ ಕಡೆ ತಿರುಗಿದರು.

"ಮುನ್ಶೀಜಿ, ಎರಡೂ ಒಂದೇ ದಿನ ಇಡೋಣು. ಬಾಯಮ್ಮಂದು ಬಿಸಿಲು ಏರೂದ್ರೊಳಗ ಮುಗೀತೈತಿ. ಆಮ್ಯಾಲೆ ವಕೀಲ್ ಸಾಹೇಬ್ರದು. ಜವಾನರು ಅವ್ರ, ಖರ್ಚು ಒಂದ."

ಎಲೆಯ ಆ ತುದಿಯಿಂದ ಒಂದು, ಈ ತುದಿಯಿಂದ ಒಂದು. ನಡುವೆ ಹೊತ್ತು ಬೇಕಾದಷ್ಟು. ವಕೀಲರ ಜನ ಹೊಡೆದಾಡಿದರೆ ಎಲ್ಲಿ ತಡೆಯಬೇಕು, ಅವರ ವಿರೋಧಿಗಳು ಕಲ್ಲು ಎಸೆದರೆ ಎಲ್ಲಿ ಅಡಗಬೇಕು, ಎಲ್ಲ ಗೊತ್ತುಮಾಡಿದರು. ನನಗೂ ಲೋಪ ಕಾಣಲಿಲ್ಲ. ಅಮೀನರು ಎಲೆ ಮಡಿಚಿದರು.

ಆ ದಿನ ನನ್ನನ್ನೂ ಮಸ್ಕಿಗೆ ಕಳಿಸಿದರು. ಷರತ್ತು ಬರೆದವನೇ ಹತ್ತಿರ ನಿಂತು ನೋಡಲಿ ಎಂದು ಪೇಶ್ಕಾರರ ಆಜ್ಞೆ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಿಂದಿನ ಕಾಲದ ಒಬ್ಬ ರಾಜ ಜನ ಹೇಗಿರಬೇಕೆಂದು ಆಜ್ಞೆ ಕೊರೆಸಿಟ್ಟಿದ್ದಾನೆ. ಬಸ್ಸಿನಿಂದ ಇಳಿಯುವಾಗ ಆ ಗುಡ್ಡ ನೋಡಿದೆ. ಅದರ ಬುಡದಲ್ಲಿ ಆಡು ಮೇಯುತ್ತಿದ್ದವು.

ಆಕೆಯ ಮನೆಯ ಮುಂದೆ ವಿಮಾನ ಸಿದ್ಧವಾಗಿತ್ತು, ಆದರೆ ಹೊರಟಿರಲಿಲ್ಲ. ತವರಿನವರು ಬಂದು ಮುಖ ನೋಡದೆ ವಿಮಾನ ಎತ್ತುವಂತಿಲ್ಲವಂತೆ. ತವರಿನವರ ಚಕ್ಕಡಿ ಇನ್ನೂ ದಾರಿಯಲ್ಲಿತ್ತು. ನೋಡಲು ಮುಖವೇ ಇಲ್ಲವಲ್ಲ ಎಂದು ಅಮೀನರು ಮೆಲ್ಲಗೆ ಹೇಳಿದರು. ರುಮಾಲು ಐತಲ್ರೀ ಎಂದರು ಆಕೆ. ಬಿಸಿಲು ಏರಿತು. ಅಮೀನರು ಗಡಿಯಾರ ನೋಡಿ, ಸಂಚಿ ಬಿಚ್ಚಿ, ಮತ್ತೆ ಕಟ್ಟಿದರು. ಕಡೆಗೂ ಚಕ್ಕಡಿ ಬಂತು. ಅದರಿಂದ ಆಕೆಯ ಅಣ್ಣ ಇಳಿದ. ಅವನ ಹಿಂದೆ ಇಳಿದ ಮುದುಕಿಯರು ಆ ರುಮಾಲಿನ ಮುಂದೆ ನಿಂತು ಒಬ್ಬೊಬ್ಬರಾಗಿ ಕೈಮುಗಿದರು. ಯಾರೂ ಸಪ್ಪಳ ಮಾಡಲಿಲ್ಲ. ಷರತ್ತನ್ನು ಆಕೆ ಎಲ್ಲರಿಗೂ ಮೊದಲೇ ತಿಳಿಸಿದ್ದರು.

ಹತ್ತು ಜನರೇ ಹೊರಟರು. ಹೆಜ್ಜೆಗೊಮ್ಮೆ ಗೆಜ್ಜೆ ಸರ ಘಲ್ಲೆನ್ನುತ್ತಿತ್ತು, ಅಷ್ಟೇ. ಬಜಾರದ ಬಾಯಿಗೆ ಬರುವ ಹೊತ್ತಿಗೆ ಎದುರಿನಿಂದ ವಕೀಲರ ಮೆರವಣಿಗೆ ಬಂತು. ರಸ್ತೆ ತುಂಬ ಜನ, ಮುಂದೆ ಬಾಜಾದವರು. ವಕೀಲರು ಜನರ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಘೋಷಣೆ ಹೇಳಿಕೊಡುತ್ತಿದ್ದರು. ಹಾಗಾಗಿ ಅವರಿಗೆ ನಾವು ಕಾಣಲಿಲ್ಲ. ಅವರ ಜನರಿಗೆ ಕಂಡೆವು.

ಅಮೀನರು ಸೀಟಿ ತುಟಿಗಿಟ್ಟು ಊದಿದರು. ಹೊಡೆದಾಟಕ್ಕೆ ಅವರು ಸಿದ್ಧರಿದ್ದರು.

ವಕೀಲರು "ಕರ್ನಾಟಕ" ಎಂದು ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಜನ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ತಮ್ಮ ಮಾತಿಗೆ ಇಡೀ ಮಸ್ಕಿ ಚಪ್ಪಲಿ ಕೈಗೆತ್ತಿಕೊಳ್ಳುತ್ತಿರುವುದನ್ನು ನೋಡಿ ವಕೀಲರು ಬಿಳಿಚಿಕೊಂಡರು, ಪಾಪ. ಆಮೇಲೆ ಜನ ಎರಡು ಬದಿಯ ಕಟ್ಟೆಗಳಿಗೆ ಒತ್ತಿಕೊಂಡು ದಾರಿ ಬಿಟ್ಟರು. ವಕೀಲರು ತಿರುಗಿ ನೋಡಿದರೆ ಎದೆಯ ಹತ್ತಿರವೇ ವಿಮಾನ. ಅವರೂ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬದಿಗೆ ಸರಿದರು.

ಹೂವು ಒತ್ತಾಗಿತ್ತು, ನಡುವೆ ರುಮಾಲು ಕಾಣುತ್ತಿತ್ತು. ಒಳಗೆ ಮನುಷ್ಯನಿಲ್ಲ ಎಂಬುದು ದೂರದವರಿಗೆ ತಿಳಿಯುವಂತಿರಲಿಲ್ಲ. ತಿಳಿದ ಹತ್ತಿರದವರು ಯಾರಿಗೂ ಹೇಳಲಿಲ್ಲ. ವಿಮಾನ ನಡುವಿನಿಂದ ದಾಟಿದ ಮೇಲೆ ಎರಡು ಬದಿಯವರೂ ಪದ್ಧತಿಯ ಪ್ರಕಾರ ನಾಲ್ಕು ಹೆಜ್ಜೆ ಹಾಕಲು ಹಿಂದೆ ಸೇರಿಕೊಂಡರು. ನಾಲ್ಕು ಹೆಜ್ಜೆ ಹಾಕಿ ಹೊರಳೋಣವೆಂದರೆ ಹಿಂದಿನವರು ಬಿಡಲಿಲ್ಲ, ಅವರಿಗಿನ್ನೂ ತಮ್ಮ ನಾಲ್ಕು ಹೆಜ್ಜೆ ಬಾಕಿ ಇದ್ದವು. ರಸ್ತೆ ಅಗಲ ಮಾಡಬೇಕೆಂದು ಸರ್ಕಾರಕ್ಕೆ ಅನಿಸಿದ್ದರಲ್ಲಿ ತಪ್ಪಿರಲಿಲ್ಲ. ಹೀಗೆ ಕನ್ನಡ ನಾಡು ಒಂದಾಗಲೆಂದು ಬಂದ ಅಷ್ಟೂ ಜನ ಹಗ್ಗದ ಅಂಗಡಿಯವರ ಹಿಂದೆ ನಡೆದರು.

ಬಾಜಾದವರು ಮದುವೆಗೂ ಮಣ್ಣಿಗೂ ಬಾರಿಸುವವರು. ವಿಮಾನ ಕಂಡ ಕೂಡಲೇ ಅವರ ಕೈ ತಾನೇ ಬಡಿತ ಬದಲಿಸಿತು. ಬಾಜಾಕ್ಕೆ ಅಪ್ಪಣೆ ಬರೆದವನು ನಾನೇ. ಯಾವ ಬಡಿತ ಎಂದು ಬರೆದಿರಲಿಲ್ಲ.

ಸಂದಿಗಳಲ್ಲಿ ಅಡಗಿ ನಿಂತಿದ್ದ ಜವಾನರು ಸೀಟಿ ಕೇಳಿ ಲಾಠಿ ಹಿಡಿದು ಓಡಿ ಬಂದರು, ನೋಡಿದರು, ಅಲ್ಲೇ ಕೂತು ಬೂಟಿನ ಪಟ್ಟಿ ಬಿಚ್ಚತೊಡಗಿದರು. ಅಮೀನರು ಅವರನ್ನು ಬೈಯಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿಕೊಂಡು ತಾವೂ ಹಿಂದೆ ನಡೆದರು.

ಅಂಗಡಿ ಬಂತು. ಆಕೆ ಬೆಳಿಗ್ಗೆಯೇ ಬಂದು ಬಾಗಿಲ ಹಲಗೆಗಳನ್ನು ತೆಗೆದು, ಕಟ್ಟೆ ತೊಳೆದು ಹೋಗಿದ್ದರು. ಒಳಗೆ ಗೂಟಗಳಲ್ಲಿ ಹಗ್ಗದ ಸಿಂಬೆಗಳು ಹಾಗೇ ತೂಗುತ್ತಿದ್ದವು. ಹೊತ್ತವರು ವಿಮಾನವನ್ನು ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಇಳಿಸಿದರು. ಸುತ್ತಲಿನ ಅಂಗಡಿಕಾರರು ತಮ್ಮ ತಮ್ಮ ಬಾಗಿಲು ಓರೆ ಮಾಡಿ ಕೆಳಗಿಳಿದು ನಿಂತರು. ಬಾಜಾದವರು ನಿಲ್ಲಿಸಿದರು. ನನಗೆ ಮೆರವಣಿಗೆ ಆಗಿಬರುವುದಿಲ್ಲ ಎಂದು ಹೇಳಿದೆನಲ್ಲ, ಆ ಹೊತ್ತು ನಾನೂ ಚಪ್ಪಲಿ ಕಳಚಿ ಜನರ ನಡುವೆ ನಿಂತಿದ್ದೆ.

ವಕೀಲರ ಮೆರವಣಿಗೆಗೆಂದು ಬಳಗಾನೂರಿನಿಂದ ಬಂದಿದ್ದ ಮುದುಕನೊಬ್ಬ, ಕುರಿ ಕಾಯುವವನು, ಹೆಗಲ ಮೇಲೆ ಕಂಬಳಿ, ಜನರ ನಡುವಿನಿಂದ ಮುಂದೆ ಬಂದ. ರುಮಾಲು ನೋಡಿದ, ಅಂಗಡಿ ನೋಡಿದ. ಆಕೆಯ ಹತ್ತಿರ ಬಂದು ಕೇಳಿದ, "ಯಾವಾಗ ತೀರಿಕೊಂಡ್ರ, ಯವ್ವಾ?"

ಆಕೆ ಅವನನ್ನು ನೋಡಿದರು. ಹಿಂದೆ ತುಂಬಿ ನಿಂತ ರಸ್ತೆಯನ್ನು ನೋಡಿದರು.

"ಇವತ್ತ, ಯಪ್ಪಾ," ಎಂದರು. "ಈಗಿನ್ನ."

ಹಾಗೆಂದವರೇ ಕಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಯಿ ತೆರೆದು ಅತ್ತರು. ಬಜಾರದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಅತ್ತರು. ಪಕ್ಕದಲ್ಲಿದ್ದ ಅವರ ಅಣ್ಣ ತನ್ನ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ.

ಕೂಗಾಟ ಕೂಡದು ಎಂಬ ಕಾಗದ ನನ್ನ ಕೈಯಲ್ಲೇ ಇತ್ತು. ಬರಿಗಾಲಿನ ಒಬ್ಬ ಜವಾನ ನನ್ನನ್ನು ನೋಡಿದ. ನಾನು ಅಮೀನರನ್ನು ನೋಡಿದೆ.

"ಅಳಲಿ ಬಿಡ್ರಿ ಮುನ್ಶೀಜಿ," ಎಂದರು ಅವರು. "ಅರ್ಜಿ ಕೊಟ್ಟು ಭಾಳ ದಿನ ಆಗೇತಿ."